ಈ ಫೋಟೋ ಯಾರದು?

ಕೇಳುಗರಿಗೆಲ್ಲ ನಮಸ್ಕಾರ.

ಮಲೆನಾಡಿನ ಮದುವೆ ಮನೆಗಳಲ್ಲಿ ಫೋಟೋ ತೆಗೆಯುವುದು ನನ್ನ ಕಸುಬು. ಬಿಡುವು ಸಿಕ್ಕಾಗ ಸ್ಪರ್ಧೆಗಳಿಗೂ ಚಿತ್ರ ಕಳಿಸುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗರು ಬಂದು, "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಕೇಳುತ್ತಾರೆ. ನೀವು ತೆಗೆಯುವ ಫೋಟೋ ಯಾರದು ಅನ್ನುವುದನ್ನು ಮೊದಲು ಯೋಚನೆ ಮಾಡಿ ಅಂತ ನಾನು ಹೇಳುತ್ತೇನೆ. ಅದು ಗೊತ್ತಾದರೆ ಕ್ಯಾಮೆರಾ ವಿಷಯ ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಧಾರೆಯ ಹೊತ್ತನ್ನು ನೆನಪಿಸಿಕೊಳ್ಳಿ. ವಧೂವರರ ನಡುವೆ ಅಂತರಪಟ ಹಿಡಿದಿರುತ್ತಾರೆ. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು ಗಟ್ಟಿಮೇಳ ಅಂದ ಕೂಡಲೇ ಪಟ ಸರಿಯುತ್ತದೆ, ವಾಲಗ ಜೋರಾಗುತ್ತದೆ, ಅಕ್ಷತೆ ಬೀಳುತ್ತದೆ, ಎದುರಿಗೆ ನೆಂಟರ ಮೊಬೈಲುಗಳೆಲ್ಲ ಮೇಲೇಳುತ್ತವೆ. ಹುಡುಗಿ ಹುಡುಗನ ಮುಖವನ್ನು ನೋಡುವ ಆ ನೋಟ ಇರುವುದು ಒಂದೆರಡು ಸೆಕೆಂಡು. "ಇನ್ನೊಂದ್ಸಲ ಮಾಡಿ" ಅಂತ ಯಾರಿಗೂ ಹೇಳುವ ಹಾಗಿಲ್ಲ. ಆ ನೋಟ ಆ ಮನೆಯವರದು. ಅದನ್ನು ಜೋಪಾನವಾಗಿ ಹಿಡಿದು ಕೊಡುವುದಕ್ಕೆ ನಮ್ಮನ್ನು ಕರೆದಿರುತ್ತಾರೆ.

ಹಾಗಾಗಿ ಮದುವೆ ಕೆಲಸಕ್ಕೆ ಕ್ಯಾಮೆರಾ ಕೊಳ್ಳುವವರು ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ಮುಂಚೆ ಎರಡು ಮೆಮೊರಿ ಕಾರ್ಡಿಗೆ ಜಾಗ ಇದೆಯಾ ಅಂತ ನೋಡಬೇಕು. ಒಂದೇ ಚಿತ್ರ ಎರಡೂ ಕಾರ್ಡಿಗೆ ಹೋಗುವ ಹಾಗೆ ಇಟ್ಟುಕೊಂಡರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ತುಂಬಿಸಿ. ಅಲ್ಲಿಯವರೆಗೆ ಕಾರ್ಡ್ ಅಳಿಸಬೇಡಿ. ಎಷ್ಟೇ ಸುಸ್ತಾಗಿದ್ದರೂ ಇದನ್ನು ಮುಗಿಸಿಯೇ ಮಲಗುವುದು ನನ್ನ ಅಭ್ಯಾಸ.

ಇನ್ನು ಛತ್ರದ ದೀಪಗಳ ವಿಷಯ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. ಇದರಿಂದ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ ವೇಗವನ್ನು ಸುಮ್ನೆ 1/500ಕ್ಕೆ ಏರಿಸಿದರೆ, ಅಂದರೆ ಶಟರ್ ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ತೆರೆದಿದ್ದರೆ, ಒಂದು ಫೋಟೋ ಬೆಳ್ಳಗೆ, ಮುಂದಿನದು ಮಂಕು, ಮತ್ತೊಂದರಲ್ಲಿ ಹುಡುಗಿಯ ಮುಖದ ಮೇಲೆ ಅಡ್ಡ ಪಟ್ಟೆ. 1/100ಕ್ಕೆ ಇಳಿಸಿದರೆ ಇಂಥ ದೀಪಗಳ ಕಾಟ ಬಹುಪಾಲು ನಿಲ್ಲುತ್ತದೆ. ಬೆಳಿಗ್ಗೆ ಬೇಗ ಹೋಗಿ, ದೀಪ ಹಾಕಿಸಿ, ನಾಲ್ಕು ಫೋಟೋ ತೆಗೆದು ನೋಡಿದರೆ ಸಾಕು. ಇದಕ್ಕೆ ಕಾಸು ಖರ್ಚಿಲ್ಲ.

ನಮ್ಮ ಕಡೆಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬ್ಯಾಗಿನಲ್ಲೇ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ.

ಸ್ಪರ್ಧೆಗೆ ಬರೋಣ. ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಹೆಸರಿದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಾಡಿನ ಚಿತ್ರಗಳು ಹೊರದೇಶದ ಪ್ರದರ್ಶನಗಳಲ್ಲೂ ಮೆರೆದವು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಹೊಸಬರನ್ನು ಬೆಳೆಸುತ್ತಾ ಬಂದಿದೆ. ಸ್ಪರ್ಧೆಗೆ ಕಳಿಸಿ, ಖಂಡಿತ ಕಳಿಸಿ. ಚೌಕಟ್ಟಿನ ಮೂಲೆಯಲ್ಲಿ ಏನಿದೆ ಅಂತ ನೋಡುವ ಕಣ್ಣು ನನಗೆ ಬಂದಿದ್ದು ಅಲ್ಲಿಂದಲೇ.

ಆದರೆ ಮದುವೆಯಲ್ಲಿ ತೆಗೆದ ಚಿತ್ರವನ್ನು ಕೇಳದೇ ಕಳಿಸುವುದು ತಪ್ಪು. ನಮ್ಮಲ್ಲಿ ಬಹಳ ಜನ ಬಟನ್ ಒತ್ತಿದವರದೇ ಹಕ್ಕು ಅಂದುಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮು ಬೇರೆ ಹೇಳುತ್ತದೆ. ಯಾರಾದರೂ ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಮೊದಲ ಹಕ್ಕುದಾರರು ತೆಗೆಸಿದವರೇ. ಕಾಯಿದೆ ಹಾಗಿರಲಿ. ತವರು ಬಿಡುವಾಗ ಅಮ್ಮನನ್ನು ತಬ್ಬಿ ಅಳುವ ಹುಡುಗಿಯ ಮುಖ ಊರವರೆಲ್ಲ ನೋಡುವ ಗೋಡೆಗೆ ಏರಬೇಕೋ ಬೇಡವೋ ಅಂತ ಹೇಳಬೇಕಾದವಳು ಅವಳೇ ಅಲ್ವಾ?

ಸ್ಪರ್ಧೆ ನಡೆಸುವವರ ನಿಯಮಗಳನ್ನೂ ಪೂರ್ತಿ ಓದಿ. ಬಂದ ಚಿತ್ರಗಳನ್ನೆಲ್ಲ ಎಲ್ಲಿ ಬೇಕಾದರೂ, ಎಷ್ಟು ಕಾಲ ಬೇಕಾದರೂ ಬಳಸಿಕೊಳ್ಳುತ್ತೇವೆ ಅಂತ ಕೆಲವರು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಬಹುಮಾನ ಬರುವುದು ಒಬ್ಬರಿಗೆ, ಹಕ್ಕು ಬಿಟ್ಟುಕೊಡುವವರು ಎಲ್ಲರೂ. ಅಂಥ ಕಡೆ ನಾನು ಕಳಿಸುವುದಿಲ್ಲ.

ಕಾಡಿನ ಪ್ರಾಣಿ ಪಕ್ಷಿಗಳನ್ನು ಒಪ್ಪಿಗೆ ಕೇಳುವ ಹಾಗಿಲ್ಲ. ಅದಕ್ಕೇ ಅಲ್ಲಿ ನಮ್ಮ ಜವಾಬ್ದಾರಿ ಜಾಸ್ತಿ. 2009ರಲ್ಲಿ ಲಂಡನ್ನಿನ ಹೆಸರಾಂತ ವನ್ಯಜೀವಿ ಸ್ಪರ್ಧೆಯೊಂದರಲ್ಲಿ, ಗೇಟು ಹಾರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಅದು ಪಳಗಿಸಿದ ತೋಳವೇ ಇರಬೇಕು ಅಂತ ತೀರ್ಪುಗಾರರಿಗೆ ಅನ್ನಿಸಿ ಬಹುಮಾನ ಹಿಂದಕ್ಕೆ ಪಡೆದರು. ಚಿತ್ರ ತೆಗೆದವರು ಇದನ್ನು ಒಪ್ಪಲಿಲ್ಲ. ಅಷ್ಟು ದೂರ ಯಾಕೆ, ಗೂಡಿನ ಮುಂದಿನ ಕೊಂಬೆ ಸವರಿ ಮರಿಗಳ ಚಿತ್ರ ತೆಗೆಯುವವರು ನಮ್ಮಲ್ಲೇ ಇದ್ದಾರೆ. ಎಲೆ ಮರೆ ಹೋದರೆ ಮರಿಗಳಿಗೆ ನೇರ ಬಿಸಿಲು. ಕಾಗೆಯ ಕಣ್ಣಿಗೂ ಸುಲಭವಾಗಿ ಬೀಳುತ್ತವೆ. ಅಂಥ ಚಿತ್ರ ಎಷ್ಟೇ ಚೆನ್ನಾಗಿರಲಿ, ನನಗೆ ಬೇಡ.

ಕೊನೆಗೆ, ಫೋಟೋ ತೆಗೆಸುವ ಮನೆಯವರಲ್ಲಿ ಒಂದು ಕೋರಿಕೆ. ಮುಂಗಡ ಕೊಡುವಾಗಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಚಿತ್ರಗಳನ್ನು ಯಾವಾಗ ಕೊಡುತ್ತಾರೆ, ಎಷ್ಟು ದಿನ ಅವರ ಬಳಿ ಇಟ್ಟಿರುತ್ತಾರೆ, ಜಾಹೀರಾತಿಗೋ ಸ್ಪರ್ಧೆಗೋ ಬಳಸಬಹುದಾ ಇಲ್ಲವಾ. ಆಲ್ಬಮ್ ಕೈಗೆ ಬಂತು ಅಂತ ಅಷ್ಟಕ್ಕೇ ಬಿಡಬೇಡಿ, ಫೈಲುಗಳನ್ನೂ ಕೇಳಿ ತೆಗೆದುಕೊಳ್ಳಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಮಗಳ ಮನೆಯಲ್ಲಿರಲಿ.

ನಮಸ್ಕಾರ.