ಜರ್ಬೇರಾ ಪಕಳಿಗೆ ಬೂಷ್ಟು ಯಾಕ ಹತ್ತತೈತಿ? ಪಾಲಿಹೌಸಿನ ಹಸಿ ತಾಸುಗಳ ಲೆಕ್ಕ

[ದೃಶ್ಯ: ಬಿಳಿ ಜರ್ಬೇರಾ ಹೂವು, ತೀರಾ ಹತ್ತಿರದಿಂದ. ಪಕಳೆಯ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕಿಗಳು.]

ಈ ಚುಕ್ಕಿ ನೋಡ್ರಿ. ಮುಂಜಾನೆ ಹೂವ ಕೀಳೂವಾಗ ಇದು ಇರಂಗಿಲ್ಲ. ಹೂವಿಗೆ ತೆಳು ಪ್ಲಾಸ್ಟಿಕ್ ಸ್ಲೀವ್ ಹಾಕಿ, ಹತ್ತತ್ತರ ಕಟ್ಟು ಮಾಡಿ, ಡಬ್ಬ್ಯಾಗ ತುಂಬಿ ರಾತ್ರಿ ಬಸ್ಸಿಗೆ ಗೋವಾಕ್ಕ ಹಾಕ್ತಾರ. ಮರುದಿನ ವ್ಯಾಪಾರಿ ಫೋಟೋ ಕಳಿಸಿ, "ಅಣ್ಣಾರ, ಮಾಲ್ ಖರಾಬ್ ಬಂದೈತಿ" ಅಂತಾನ. ಬಸ್ಸಿನವ್ರಿಗೆ ಬೈಯೂದು, ಡಬ್ಬಿಗೆ ಬೈಯೂದು ಆಗತೈತಿ. ಖರೇ ಅಂದ್ರ ರೋಗ ಹತ್ತಿದ್ದು ಪಾಲಿಹೌಸಿನ್ಯಾಗ, ಅಂದ್ರ ಹೂವ ಬೆಳಿಯೋ ಪ್ಲಾಸ್ಟಿಕ್ ಹೊದಿಕಿ ಮನ್ಯಾಗ, ಹೂವ ಕೀಳೂಕ ಮೊದಲಿನ ರಾತ್ರಿ. ಡಬ್ಬ್ಯಾಗ ಅದು ಬರೇ ಕಣ್ಣಿಗೆ ಕಂಡಿತು.

ರೋಗದ ಹೆಸರು ಬೊಟ್ರೈಟಿಸ್. ಬೂದು ಬಣ್ಣದ ಬೂಷ್ಟು. ಇದರ ಬೀಜಕಣ ಗಾಳಿಯಾಗ ಯಾವಾಗ್ಲೂ ಇರತಾವು, ಪಾಲಿಹೌಸಿಗೆ ಎಷ್ಟು ಜಾಳಿಗಿ ಹಾಕಿದ್ರೂ ಬರತಾವು. ಅವುಗಳನ್ನ ತಡಿಯೂದು ನಮ್ಮ ಕೈಯಾಗಿಲ್ಲ. ಆದ್ರ ಪಕಳಿ ಮ್ಯಾಲ ಕೂತ ಕಣ ಮೊಳಕಿ ಒಡಿಬೇಕಂದ್ರ ಅದಕ್ಕ ನೀರು ಬೇಕು. ನೀರಿನ ತೆಳು ಪದರ ಇರಬೇಕು, ಇಲ್ಲಾ ಗಾಳಿ ತೇವ ಶೇಕಡಾ 93ರ ಮ್ಯಾಲ ನಿಂತಿರಬೇಕು (ಆ ಉಷ್ಣತೆದಾಗ ಗಾಳಿ ಹೊರೂವಷ್ಟು ಪೂರಾ ಆವಿ ಇದ್ರ 100). 15ರಿಂದ 25 ಡಿಗ್ರಿ ಉಷ್ಣತೆ, ಕೆಲವು ತಾಸು ಬಿಡದ ಹಸಿ, ಇಷ್ಟಾದ್ರ ಸಾಕು. ಬೆಳಗಾವಿ ಮಳಿಗಾಲದ ರಾತ್ರಿ ಅಂದ್ರ ಇದೇ ಉಷ್ಣತೆ. ಅದರ ಮುಂದ ನಮ್ಮ ಕೈಯಾಗ ಉಳಿಯೂದು ಒಂದ: ಪಕಳಿ ಎಷ್ಟು ತಾಸು ಹಸಿ ಇರತೈತಿ ಅನ್ನೂದು.

[ದೃಶ್ಯ: ಸಂಜೆ ಪಾಲಿಹೌಸಿನ ಹೊರನೋಟ, ಪಡದೆಗಳು ಮುಚ್ಚಿವೆ. ತೆರೆಯ ಮೇಲೆ ಅಂಕಿಗಳು ಒಂದೊಂದಾಗಿ.]

ಒಂದು ಲೆಕ್ಕ ಹಾಕೂಣು. ಹತ್ತು ಗುಂಟೆ ಪಾಲಿಹೌಸ್, ಅಂದಾಜು 1000 ಚದರ ಮೀಟರ್. ಸರಾಸರಿ ಎತ್ತರ 5 ಮೀಟರ್ ಹಿಡಿದ್ರ ಒಳಗ 5000 ಘನ ಮೀಟರ್ ಗಾಳಿ. ಸಂಜೀಕ ಒಳಗ 28 ಡಿಗ್ರಿ, ತೇವ ಶೇಕಡಾ 80 ಅನ್ರಿ. ಆಗ ಒಂದೊಂದು ಘನ ಮೀಟರ್ ಗಾಳಿಯಾಗ ಸುಮಾರು 21.8 ಗ್ರಾಂ ನೀರಿನ ಆವಿ ಇರತೈತಿ. ಬಾಜೂದ ಪ್ಲಾಸ್ಟಿಕ್ ಪಡದೆ ಮುಚ್ಚಿ ಮನಿಗೆ ಹೋದ್ರಿ. ನಸಿಕಿನ್ಯಾಗ ಒಳಗಿನ ಗಾಳಿ 21 ಡಿಗ್ರಿಗೆ ಇಳೀತು. 21 ಡಿಗ್ರಿ ಗಾಳಿ ಹೊರೂದು 18.3 ಗ್ರಾಂ ಅಷ್ಟ. ಉಳಿದ ಮೂರೂವರಿ ಗ್ರಾಂ ಎಲ್ಲಿ ಹೋಗಬೇಕು? 5000ಕ್ಕ ಗುಣಿಸಿದ್ರ 17 ಲೀಟರ್ ದಾಟತೈತಿ. ಬೆನ್ನಿಗೆ ಹಾಕೋ ಔಷಧ ಪಂಪಿನ ಟ್ಯಾಂಕು 16 ಲೀಟರಿಂದು. ಅಂದ್ರ ಒಂದು ಟ್ಯಾಂಕು ಬರೇ ನೀರು ರಾತ್ರಿ ಯಾರೋ ಬಂದು ಪ್ಲಾಸ್ಟಿಕ್, ಎಲಿ, ಪಕಳಿ ಎಲ್ಲಾದ್ರ ಮ್ಯಾಲೂ ಹೊಡದು ಹೋದಂಗ. ಇದರಾಗ ಗಿಡ ರಾತ್ರಿ ಬಿಡೋ ತೇವ ಇನ್ನೂ ಹಿಡದಿಲ್ಲ.

ಗಾಳಿ 24 ಡಿಗ್ರಿಗೆ ಬಂದ ಕೂಡ್ಲೇ ಇಬ್ಬನಿ ಶುರು ಆಗತೈತಿ. ಅಂದ್ರ ಬೆಳಕ ಹರಿಯೂತನಕ ಕಾಯೂದಿಲ್ಲ, ರಾತ್ರಿ ಊಟದ ಹೊತ್ತಿಗೇ ಹಸಿ ಆಗಿರಬಹುದು.

[ದೃಶ್ಯ: ಕೆಲಸಗಾರ ಪಡದೆಯ ಹಿಡಿಕೆ ತಿರುಗಿಸುತ್ತಿದ್ದಾನೆ, ಹೊರಗೆ ಜಿಟಿಜಿಟಿ ಮಳೆ.]

"ಸಾವ್ಕಾರ್ರ, ಮಳಿ ಬಂತು, ಎಲ್ಲಾ ಪಡದೆ ಇಳಸ್ಲೇನ್ರಿ?" ಇದು ಮಳಿಗಾಲದಾಗ ಎಲ್ಲಾ ಪಾಲಿಹೌಸಿನ್ಯಾಗ ಕೇಳೋ ಮಾತು. ಹೊರಗಿನ ಗಾಳಿ ಹಸಿ ಐತಿ, ಒಳಗ ಬಿಡಬಾರದು ಅಂತ ಮುಚ್ಚತಾರ. ಅಲ್ಲೇ ಲೆಕ್ಕ ತಪ್ಪತೈತಿ. ಹೊರಗ 22 ಡಿಗ್ರಿ, ಶೇಕಡಾ 95 ತೇವ ಇದ್ರ ಆ ಗಾಳಿಯಾಗ ನೀರು 18.4 ಗ್ರಾಂ. ಅದೇ ಗಾಳಿ ಹಗಲು ಒಳಗ ಬಂದು 28 ಡಿಗ್ರಿಗೆ ಕಾದ್ರ ಅದರ ತೇವ ಸುಮಾರು ಶೇಕಡಾ 66ಕ್ಕ ಇಳೀತೈತಿ. ಅಂದ್ರ ಮಳಿ ಗಾಳಿನೂ ಒಳಗ ಬಂದು ಬಿಸಿ ಆದ್ರ ಒಣಾ ಗಾಳಿನ. ಹಿಂಗಾಗಿ ಮ್ಯಾಲಿನ ಕಿಟಕಿ ಮಳಿಯಾಗೂ ತೆರದ ಇರಲಿ. ಇಲ್ಲಿ ಮಳಿ ಹೊಡಿಯೂದು ಪಡುವಣ, ನೈಋತ್ಯದ ಕಡಿಂದ. ಆ ಬಾಜೂದ ಪಡದೆ ಇಳಿಸಿ, ಮೂಡಣ ಬಾಜೂದ್ದು ಎರಡು ಅಡಿಯಾದ್ರೂ ಎತ್ತಿಡ್ರಿ. ಎರಚಲು ಬರಬಾರದು, ಗಾಳಿ ನಿಲ್ಲಬಾರದು.

ಸಂಜಿ ಕೆಲಸ ಇನ್ನೂ ಮುಖ್ಯ. ಹೊತ್ತು ಮುಳಗಾಕ ಎರಡು ತಾಸು ಇರೂವಾಗ, ಒಳಗ ಇನ್ನೂ ಬಿಸಿ ಇದ್ದಾಗ, ಎಲ್ಲಾ ಪಡದೆ ಎತ್ತಿ ಒಳಗಿನ ಹಸಿ ಗಾಳಿ ಹೊರಗ ಹಾಕ್ರಿ. ಆಮ್ಯಾಲ ಬೇಕಾದ್ರ ಇಳಸ್ರಿ, ಮ್ಯಾಲಿನ ಕಿಟಕಿ ಬಿಟ್ಟು. ರಾತ್ರಿಯ ಸಾಮಾನು ಸಂಜೀಕ ಖಾಲಿ ಮಾಡಿದಂಗ.

ಮುಂಜಾನೆ ಮತ್ತೊಂದು ಮೋಸ ಐತಿ. ಬಿಸಲು ಬಿದ್ದ ಕೂಡ್ಲೇ ಗಾಳಿ ಲಗೂ ಕಾಯತೈತಿ, ಎಲಿಗಳು ಆವಿ ಬಿಡಾಕ ಶುರು ಮಾಡತಾವು. ಜರ್ಬೇರಾದ ನಡುವಿನ ಗುಂಡು ದಪ್ಪ ಇರತೈತಿ, ಅದು ಅಷ್ಟು ಲಗೂ ಕಾಯಂಗಿಲ್ಲ. ಥಂಡ ಇರೋ ಲೋಟದ ಹೊರಗ ನೀರು ಕೂತಂಗ ಆ ಗುಂಡಿನ ಮ್ಯಾಲ, ಪಕಳಿ ಬುಡಕ್ಕ ಇಬ್ಬನಿ ಕೂಡತೈತಿ. ಏಳೂವರಿ, ಎಂಟಕ್ಕ ಬಂದು ಪಡದೆ ತೆಗಿಯೂದು ತಡ ಆತು. ಬಿಸಲು ಬೀಳೂಕ ಅರ್ಧ ತಾಸು ಮೊದಲ ಒಂದೊಂದು ಅಡಿ ಎತ್ತುತ್ತ ಬರ್ರಿ.

[ದೃಶ್ಯ: ಮೇಜಿನ ಮೇಲೆ ತೇವ ಮಾಪಕ, ನೀರಿನ ಬಾಟಲಿಯ ಮುಚ್ಚಳ, ಅಡಿಗೆ ಉಪ್ಪು, ಜಿಪ್ ಇರುವ ಪ್ಲಾಸ್ಟಿಕ್ ಚೀಲ.]

ಇಷ್ಟೆಲ್ಲಾ ಅಂದಾಜಿನ ಮ್ಯಾಲ ಮಾಡೂದು ಬ್ಯಾಡ. ಗರಿಷ್ಠ, ಕನಿಷ್ಠ ನೆನಪಿಡೋ ಡಿಜಿಟಲ್ ತೇವ ಮಾಪಕ ಎರಡು ತಗೋರಿ. ತಂದ ಕೂಡ್ಲೇ ನಂಬಬ್ಯಾಡ್ರಿ, ಅಗ್ಗದ್ದು ಐದಾರು ಅಂಕಿ ಆಕಡೆ ಈಕಡೆ ತೋರಿಸೂದು ಸಾಮಾನ್ಯ. ತಪಾಸಣೆ ಮಾಡೂದು ಹಿಂಗ. ಬಾಟ್ಲಿ ಮುಚ್ಚಳದ ತುಂಬ ಅಡಿಗಿ ಉಪ್ಪು ಹಾಕ್ರಿ. ಹನಿ ಹನಿ ನೀರು ಬಿಡ್ರಿ, ಹಸಿ ಉಸುಕಿನಂಗ ಆಗಬೇಕು, ಉಪ್ಪು ಪೂರಾ ಕರಗಬಾರದು. ಮುಚ್ಚಳ ಮತ್ತು ಮಾಪಕ ಎರಡನ್ನೂ ಜಿಪ್ ಚೀಲದಾಗ ಇಟ್ಟು, ಒಂದಕ್ಕೊಂದು ತಾಗದಂಗ, ಮನಿಯೊಳಗ ಬಿಸಲು ಬೀಳದ ಜಾಗಾದಾಗ ಎಂಟು ಹತ್ತು ತಾಸು ಬಿಡ್ರಿ. ಉಪ್ಪಿನ ಮ್ಯಾಲಿನ ಗಾಳಿ ಶೇಕಡಾ 75ಕ್ಕ ಬಂದು ನಿಲ್ಲತೈತಿ. ಮಾಪಕ 70 ತೋರ್ಸಿದ್ರ ಅದರ ಬೆನ್ನಿಗೆ ಮಾರ್ಕರ್‌ನ್ಯಾಗ "5 ಕೂಡಿಸು" ಅಂತ ಬರದುಬಿಡ್ರಿ.

ಮಾಪಕ ಬಾಗಲದ ಕಂಬಕ್ಕ ತೂಗು ಹಾಕ್ತಾರ, ನೋಡಾಕ ಸರಳ ಅಂತ. ಅಲ್ಲಿ ಹೂವ ಇಲ್ಲ. ಒಂದನ್ನ ಹೂವಿನ ಎತ್ತರಕ್ಕ ನಡುವಿನ ಬೆಡ್ಡಿನ್ಯಾಗ, ಇನ್ನೊಂದನ್ನ ಎಲ್ಲಕ್ಕಿಂತ ಥಂಡಿ ಮೂಲ್ಯಾಗ ಇಡ್ರಿ. ಮಾಪಕದ ಮ್ಯಾಲ, ಬಾಜೂಕ ತೂತು ಮಾಡಿದ ಬಿಳೀ ಡಬ್ಬಿ ಬೋರಲು ಹಾಕಿದ್ರ ಬಿಸಲೂ ಇಲ್ಲ, ಹನೀನೂ ಇಲ್ಲ.

ತೇವ ಶೇಕಡಾ 85ರ ಕೆಳಗ ಇರಬೇಕು ಅಂತ ಪುಸ್ತಕದಾಗ ಇರತೈತಿ. ಜುಲೈದಾಗ ಹೊರಗಿನ ರಾತ್ರಿ ಗಾಳಿನ 95 ಇರೂವಾಗ, ಹೀಟರ್ ಇಲ್ಲದ ಪಾಲಿಹೌಸಿನ್ಯಾಗ 85 ಅನ್ನೂದು ಆಗೋ ಮಾತಲ್ಲ. ಆ ಅಂಕಿ ಬೆನ್ನ ಹತ್ತಬ್ಯಾಡ್ರಿ. ರಾತ್ರಿ ಹತ್ತಕ್ಕೊಮ್ಮೆ, ನಸಿಕಿನ ಐದಕ್ಕೊಮ್ಮೆ ಟಾರ್ಚ್ ಹಿಡಕೊಂಡು ಹೋಗಿ ಹೂವಿನ ಮ್ಯಾಲ ನೀರು ಐತೋ ಇಲ್ಲೋ ನೋಡಿ ಬರಕೋರಿ. ಟಿಶ್ಯೂ ಪೇಪರ್ ಪಕಳಿಗೆ ಮೆಲ್ಲಕ ಒತ್ತಿದ್ರ ಗೊತ್ತಾಗತೈತಿ. ಹಸಿ ತಾಸು ಕಡಿಮಿ ಆದಂಗ ರೋಗ ಕಡಿಮಿ ಆಗತೈತಿ.

[ದೃಶ್ಯ: ತೂಗು ಹಾಕಿದ ಫ್ಯಾನ್, ಕೆಳಗೆ ಅಗರಬತ್ತಿಯ ಹೊಗೆ ಅಡ್ಡಕ್ಕೆ ಹರಿಯುತ್ತಿದೆ.]

ಫ್ಯಾನಿನ ಕೆಲಸ ಏನು ಅಂತ ಭಾಳ ಮಂದಿಗೆ ಗೊಂದಲ ಐತಿ. ಒಳಗಿನ ಗಾಳಿ ತಿರುಗಸೋ ಫ್ಯಾನು ತೇವ ಹೊರಗ ಹಾಕಂಗಿಲ್ಲ. ಪಕಳಿನ ಗಾಳಿಯಷ್ಟ ಬೆಚ್ಚಗ ಇಡತೈತಿ. ನಿಂತ ಗಾಳಿಯಾಗ ಪಕಳಿ ಗಾಳಿಗಿಂತ ಥಂಡ ಆಗಿ ಮೊದಲ ಇಬ್ಬನಿ ಹಿಡೀತೈತಿ. ಗಿಡದ ನೆತ್ತಿಯಿಂದ ಎರಡು ಮೂರು ಅಡಿ ಮ್ಯಾಲ, ಸಾಲಿನ ಉದ್ದಕ್ಕ 12ರಿಂದ 15 ಮೀಟರಿಗೊಂದು ಹಾಕ್ರಿ. ಒಂದು ಬಾಜೂಕ ಮೂಡಣ ಮಖ, ಇನ್ನೊಂದು ಬಾಜೂಕ ಪಡುವಣ ಮಖ, ಗಾಣದ ಎತ್ತಿನಂಗ ಗಾಳಿ ಸುತ್ತಬೇಕು. ಅಗರಬತ್ತಿ ಹಚ್ಚಿ ಹೂವಿನ ಹತ್ರ ಹಿಡೀರಿ. ಹೊಗಿ ನೆಟ್ಟಗ ಮ್ಯಾಲ ಹೋದ್ರ ಅದು ಗಾಳಿ ಆಡದ ಸತ್ತ ಜಾಗ. ಅಡ್ಡ ಹರದ್ರ ಸಾಕು, ಎಲಿ ಪಟಪಟ ಹೊಡಕೊಳ್ಳೂ ಜರೂರಿ ಇಲ್ಲ.

ಮ್ಯಾಲ ನೋಡ್ರಿ ಈಗ. ಒಂದ ಬೆಡ್ಡಿನ ಒಂದ ಗೆರಿಯಾಗ ಪ್ರತಿಸಲ ರೋಗ ಬರತೈತಿ ಅಂದ್ರ ನೆಟ್ಟಗ ಮ್ಯಾಲ ಪೈಪಿನ ಜೋಡಣಿ ಇರತೈತಿ, ಅಲ್ಲಿಂದ ಹನಿ ಬೀಳತಿರತೈತಿ. ಹನಿ ಬೀಳದಂಗ ಲೇಪನ ಇರೋ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳಿಗೆ ಒಳ ಮಖ, ಹೊರ ಮಖ ಅಂತ ಐತಿ. ಹೊದಿಸೂವಾಗ ತಿರುವುಮುರುವು ಆದ್ರ ಲೇಪನ ಆಕಾಶಕ್ಕ ಹೋತು. ಸರಿ ಹಾಕಿದ್ರೂ ಆ ಗುಣ ಹಾಳಿಯಷ್ಟು ವರ್ಷ ಬಾಳಂಗಿಲ್ಲ.

[ದೃಶ್ಯ: ಬೆಡ್ಡಿನ ಬದಿಯಲ್ಲಿ ಡ್ರಿಪ್ ಪೈಪು, ಕೈ ಮಣ್ಣನ್ನು ಉಂಡೆ ಕಟ್ಟಿ ನೋಡುತ್ತದೆ.]

ನೀರು. ಬ್ಯಾಸಗಿಯಾಗ ಒಂದು ಗಿಡಕ್ಕ ದಿನಕ್ಕ 500ರಿಂದ 700 ಮಿಲಿ ಕೊಡತೀವಿ. ಹತ್ತು ಗುಂಟೆದಾಗ 6000 ಗಿಡ ಹಿಡಿದ್ರ, ಮಳಿಗಾಲದಾಗ ಬರೇ 300 ಮಿಲಿ ಕೊಟ್ರೂ 1800 ಲೀಟರ್ ಆತು. ಅದರಾಗ ಹೆಚ್ಚಿನ ಪಾಲು ಎಲಿಯಿಂದ ಗಾಳಿಗೇ ಬರತೈತಿ, ಕಿಟಕಿಯಿಂದ ಹೊರಗ ಹೋಗಬೇಕು. ಮಣ್ಣು ಮುಷ್ಟಿಯಾಗ ಹಿಡದು ಒತ್ರಿ: ಉಂಡಿ ಕಟ್ಟಿ ಬೆರಳಿಗೆ ನೀರು ಹತ್ತಿದ್ರ ಆ ದಿನ ಡ್ರಿಪ್ ಬ್ಯಾಡ. ಕೊಡೂದಿದ್ರ ಮುಂಜಾನೆ ಹನ್ನೊಂದರೊಳಗ ಮುಗಸ್ರಿ. ಮಂಜಿನಂಗ ನೀರು ಸಿಂಪಡಿಸೋ ಫಾಗರ್ ಮಳಿಗಾಲದಾಗ ಬಂದ್. ಶವರ್ ಪೈಪಿನಿಂದ ಮ್ಯಾಲಿಂದ ನೀರು ಹೊಡಿಯೂದು ಹೂವ ಶುರು ಆದ ಮ್ಯಾಲ ಯಾವ ಕಾಲಕ್ಕೂ ಬ್ಯಾಡ.

ಗೊಬ್ಬರದ ಮಾತು ಸಣ್ಣದು. ಯೂರಿಯಾ, ಸಾರಜನಕ ಜಾಸ್ತಿ ಆದ್ರ ಪಕಳಿ ಮೆತ್ತಗಾಗಿ ಬೂಷ್ಟಿಗೆ ಬಾಗಲ ತೆರದಂಗ. ಕ್ಯಾಲ್ಸಿಯಂ ನೈಟ್ರೇಟ್ ತಪ್ಪಸಬ್ಯಾಡ್ರಿ, ಆದ್ರ ಸಲ್ಫೇಟು, ಫಾಸ್ಫೇಟಿನ ಜೋಡಿ ಒಂದ ಟ್ಯಾಂಕಿನ್ಯಾಗ ಕಲಸಬ್ಯಾಡ್ರಿ. ಗಸಿ ಕಟ್ಟಿ ಡ್ರಿಪ್ಪಿನ ಕಣ್ಣು ಮುಚ್ಚತಾವು.

[ದೃಶ್ಯ: ಬುಡದಲ್ಲಿ ಒಣಗಿದ ಎಲೆ, ಅದರ ಮೇಲೆ ಬೂದು ತುಪ್ಪಳ. ಬೆರಳು ತಾಗಿದೊಡನೆ ಹೊಗೆಯಂತೆ ಕಣ ಹಾರುತ್ತದೆ.]

ಹಿಂಗ ಹೊಗಿ ಏಳತೈತಲ್ಲ, ಇದು ಬೀಜಕಣ. ಈ ಎಲಿ ಕಿತ್ತು ಕೈಯಾಗ ಹಿಡಕೊಂಡು ಬಾಗಲತನಕ ನಡದ್ರ ಹಾದಿ ಎರಡೂ ಬಾಜೂ ಬಿತ್ತಿಗಿ ಮಾಡಿದಂಗ. ಚೀಲಾನ ಗಿಡದ ಹತ್ರ ಒಯ್ರಿ, ಎಲಿ ಚೀಲದೊಳಗ ಬರೂವಂಗ ಕತ್ತರಸ್ರಿ, ಬಾಯಿ ಕಟ್ಟಿ ದೂರ ಒಯ್ದು ಹೂಳ್ರಿ. ಪಾಲಿಹೌಸಿನ ಬಾಗಲದ ಮುಂದಿನ ಕಸದ ಗುಂಪಿ ಎಷ್ಟೋ ಕಡೆ ರೋಗದ ತವರುಮನಿ. ಹೂವ ಕತ್ತರಿಯಿಂದ ಕತ್ತರಸಬಾರದು, ದಂಟು ಬುಡಕ್ಕ ಹಿಡದು ತಿರುವಿ ಎಳೀಬೇಕು. ಅರ್ಧ ಉಳಿದ ದಂಟು ಕೊಳತು ಗಿಡದ ನೆತ್ತಿಗೆ ಇಳೀತೈತಿ. ಹಳೀ ಎಲಿ ವಾರಕ್ಕೊಮ್ಮೆ ತೆಗೀರಿ, ಬುಡಕ್ಕ ಗಾಳಿ ಆಡಬೇಕು.

ಎಲಿ ಮ್ಯಾಲ ಟಾಲ್ಕಂ ಪೌಡರ್ ಚೆಲ್ಲಿದಂಗ ಬಿಳಿ ಕಂಡ್ರ ಅದು ಬೇರೆ, ಬೂದಿ ರೋಗ. ಅದಕ್ಕ ನೀರಿನ ಪದರ ಬೇಕಿಲ್ಲ, ಒಣಾ ಎಲಿ ಮ್ಯಾಲೂ ಬೆಳೀತೈತಿ. ಎರಡಕ್ಕೂ ಒಂದ ಔಷಧ ಹೊಡದು ರೊಕ್ಕ ಕಳಕೋಬ್ಯಾಡ್ರಿ. ಗುರ್ತು ಸಿಗಲಿಲ್ಲಂದ್ರ ಗೋಕಾಕದ ಹತ್ರ ಅರಭಾವಿಯಾಗ ತೋಟಗಾರಿಕೆ ಕಾಲೇಜು ಐತಿ, ಬಾಗಲಕೋಟಿಯೊಳಗ ವಿಶ್ವವಿದ್ಯಾಲಯಾನ ಐತಿ. ಎಲಿ, ಹೂವ ಪೇಪರಿನ್ಯಾಗ ಸುತ್ತಿ ಒಯ್ರಿ. ಪ್ಲಾಸ್ಟಿಕ್ಕಿನ್ಯಾಗ ಹಾಕಿದ್ರ ಹಾದಿಯಾಗ ಬ್ಯಾರೇ ಬೂಷ್ಟು ಬೆಳದು ಬಿಡತೈತಿ.

ಔಷಧದ ಬಗ್ಗೆ ಒಂದು ಖಡಕ್ ಮಾತು. ಬೂಷ್ಟಿಗೆ ಹೊಡಿಯೋ ಕಾರ್ಬೆಂಡಜಿಂ ಔಷಧ ಅಗ್ಗ ಅಂತ ವಾರಾ ವಾರಾ ಅದನ್ನ ಹೊಡೀತಾರ. ಬೊಟ್ರೈಟಿಸ್ ಆ ಔಷಧಕ್ಕ ಜಗತ್ತಿನ ತುಂಬ ಯಾವಾಗೋ ಒಗ್ಗಿ ಕೂತೈತಿ. ಒಂದ ರೀತಿ ಕೆಲಸ ಮಾಡೋ ಗುಂಪಿನ ಔಷಧ ಬೆನ್ನ ಬೆನ್ನಿಗೆ ಎರಡು ಸಲ ಬ್ಯಾಡ, ಹೆಸರು ಬ್ಯಾರೆ ಇದ್ರೂ ಗುಂಪು ಒಂದ ಇರತೈತಿ, ಲೇಬಲ್ ಓದ್ರಿ. ಪ್ರಮಾಣಾನೂ ಲೇಬಲ್ ಹೇಳಿದಷ್ಟ. ಸಂಜೀಕ ಹೊಡದ್ರ ರಾತ್ರಿಪೂರ್ತಿ ಹಸಿ ನಾವ ಕೊಟ್ಟಂಗ ಆಗತೈತಿ. ಮುಂಜಾನೆ ಇಬ್ಬನಿ ಆರಿದ ಮ್ಯಾಲ ಹೊಡೀರಿ, ಮಧ್ಯಾಹ್ನಕ್ಕ ಒಣಗಿರಬೇಕು.

ವಿಜಯಪುರ, ಬಾಗಲಕೋಟಿ ಕಡೆಯವ್ರು ನಮಗಿದು ಸಂಬಂಧಿಲ್ಲ ಅನ್ಕೋಬ್ಯಾಡ್ರಿ. ನಿಮಗ ಜುಲೈ ಹಗುರ, ನವೆಂಬರಿನಿಂದ ಜನವರಿ ಭಾರ. ಹಗಲು ಸುಡು ಬಿಸಲು, ರಾತ್ರಿ ತಿಳಿ ಆಕಾಶ. ಮೋಡ ಇಲ್ಲದ ರಾತ್ರಿ ಪ್ಲಾಸ್ಟಿಕ್ ಹಾಳಿ ಬಿಸಿ ಮ್ಯಾಲಕ್ಕ ಬಿಟ್ಟು ಗಾಳಿಗಿಂತ ಥಂಡ ಆಗತೈತಿ. ಬೆಳಗಾವ್ಯಾಗೂ ಮಳಿ ನಿಂತ ಹೊಸದಾಗಿ, ಮಣ್ಣು ಹಸಿ, ಆಕಾಶ ತಿಳಿ ಇರೋ ಅಕ್ಟೋಬರ್ ರಾತ್ರಿ ಜುಲೈಗಿಂತ ಮೋಸದವು. ಮಳಿ ಹೋತು ಅಂತ ಎಲ್ಲಾರೂ ಆರಾಮಾಗೋ ಹೊತ್ತದು.

[ದೃಶ್ಯ: ಮುಚ್ಚಳವಿರುವ ಪಾರದರ್ಶಕ ಡಬ್ಬಿ, ಒಳಗೆ ಒದ್ದೆ ಟಿಶ್ಯೂ, ಮೂರು ಹೂವು.]

ಕಡೀದು, ಈ ಡಬ್ಬಿ. ಕೊಯ್ಲಿಗೆ ಎರಡು ದಿನ ಮೊದಲ ಬ್ಯಾರೆ ಬ್ಯಾರೆ ಬೆಡ್ಡಿನ ಹತ್ತು ಹೂವ ಕೀಳ್ರಿ. ಡಬ್ಬಿ ತಳಕ್ಕ ಒದ್ದಿ ಟಿಶ್ಯೂ ಹಾಸಿ, ಹೂವಿಗೆ ತಾಗದಂಗ ಇಟ್ಟು, ಮುಚ್ಚಳ ಹಾಕಿ ಮನಿಯೊಳಗ ಬಿಡ್ರಿ. ಹಿಡಸದಿದ್ರ ಮೂರು ನಾಕು ಡಬ್ಬಿ ಮಾಡ್ರಿ. ರೋಗ ಒಳಗ ಹೊಕ್ಕಿದ್ರ 24ರಿಂದ 48 ತಾಸಿನ್ಯಾಗ ಚುಕ್ಕಿ ಏಳತಾವು. ಹತ್ತರಾಗ ಒಂದಕ್ಕ ಬಂದ್ರ ಆ ಬೆಡ್ಡಿನ ಹೂವ ಅಷ್ಟ ಬ್ಯಾರೆ ಇಡ್ರಿ. ಮೂರು ನಾಕಕ್ಕ ಬಂದ್ರ ಆ ವಾರದ ಮಾಲು ಗೋವಾ ಬಸ್ಸಿಗೆ ಹಾಕಬ್ಯಾಡ್ರಿ, ಪಕಳಿ ಪೂರಾ ಆರಿಸಿ, ಸ್ಲೀವ್ ಇಲ್ಲದ, ಅವತ್ತಿಗವತ್ತ ಬೆಳಗಾವಿ ಮಾರ್ಕೆಟ್ಟಿನ್ಯಾಗ ಬಿಟ್ಟುಬಿಡ್ರಿ.