ಮುಡಿಯ ಮಾತನ್ನು ಮುಚ್ಚಿಡುವುದೇಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನ ಬಳೆ ಅಂಗಡಿಗಳಲ್ಲಿ ಚೌರಿಯನ್ನು ಎಲ್ಲರ ಕಣ್ಣಿಗೂ ಬೀಳುವಂತೆ ತೂಗುಹಾಕಿ ಮಾರುತ್ತಿದ್ದರು. ಮದುವೆ, ಕುಬಸ, ಶಾಲೆಯ ಗ್ಯಾದರಿಂಗ್ ಎಂದರೆ ಹೆಣ್ಣುಮಕ್ಕಳ ಹೆರಳಿಗೆ ಚೌರಿ ಸೇರಿಸಿ, ತುದಿಗೆ ಗೊಂಡೆ ಕಟ್ಟಿ, ಮೇಲೆ ಅಬ್ಬಲಿಗೆಯ ದಂಡೆ ಮುಡಿಸುತ್ತಿದ್ದರು. ಮನೆಯಲ್ಲಿ ಚೌರಿ ಇರದಿದ್ದರೆ ಪಕ್ಕದ ಮನೆಯ ಕಾಕುವನ್ನು ಕೇಳಿ ತರುವುದು. ಬಾಚುವಾಗ ಉದುರಿದ ಕೂದಲನ್ನು ಕೂಡಿಸಿಟ್ಟು, ಅದರಿಂದಲೇ ಚೌರಿ ಕಟ್ಟಿಸಿಕೊಂಡ ಅಜ್ಜಿಯರೂ ಇದ್ದರು. ಅದು ಸೇರಿಸಿದ ಕೂದಲು ಎಂಬುದು ಹಾಕಿಕೊಂಡವರಿಗೂ ಗೊತ್ತಿತ್ತು, ನೋಡಿದವರಿಗೂ ಗೊತ್ತಿತ್ತು.

ಇಂದು ಅದೇ ಕೆಲಸವನ್ನು ಹೇರ್ ಎಕ್ಸ್‌ಟೆನ್ಶನ್ ಮಾಡುತ್ತದೆ. ಸ್ವಂತ ಕೂದಲಿನ ಬಣ್ಣಕ್ಕೆ ಬಣ್ಣ, ಅಲೆಗೆ ಅಲೆ ಹೊಂದಿಸಿ ಕೂರಿಸುತ್ತೇವೆ. ಎಲ್ಲಿ ಸೇರಿಸಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕಾಣದಂತೆ ಮಾಡಲು ಸಾಧ್ಯವಾದ ಮೇಲೆ ಅದನ್ನು ಅಡಗಿಸಲೇಬೇಕು ಎಂಬ ಒತ್ತಾಯವೂ ಬಂದುಬಿಟ್ಟಿತು. ನಾನು ಹುಬ್ಬಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ಕೂದಲು ಸೇರಿಸಿಕೊಳ್ಳಲು ಬರುವ ಹೆಂಗಸರಲ್ಲಿ ಹೆಚ್ಚಿನವರು ಬೆಲೆ ಕೇಳುವ ಮೊದಲೇ ಹೇಳುವ ಮಾತು ಇದು: "ಅಕ್ಕಾ, ಯಾರಿಗೂ ಗೊತ್ತಾಗಬಾರದು." ಕೆಲವರು ಹಿಂದಿನ ಬಾಗಿಲು ಇದೆಯೇ ಎಂದು ಕೇಳುತ್ತಾರೆ. ಈ ಹೆದರಿಕೆಯನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ಅದಕ್ಕಾಗಿಯೇ ಈ ಹೊತ್ತು ಮೈಕಿನ ಮುಂದೆ ಕುಳಿತಿದ್ದೇನೆ.

ಮೊದಲು ಕೂದಲಿನ ವಿಷಯ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಬೆಳವಣಿಗೆ ನಿಲ್ಲಿಸಿ, ಉದುರಿ, ಅದೇ ಬುಡದಲ್ಲಿ ಹೊಸದಾಗಿ ಹುಟ್ಟುತ್ತದೆ. ಆ ಬೆಳೆಯುವ ಕಾಲ ಕೆಲವರಲ್ಲಿ ಎರಡು ವರ್ಷ, ಕೆಲವರಲ್ಲಿ ಆರು ವರ್ಷ. ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ತಂದೆತಾಯಿಯಿಂದ ಬಂದ ಗುಣ. ಈಗ ಲೆಕ್ಕ ಹಾಕಿ ನೋಡಿ. ಎರಡು ವರ್ಷವಷ್ಟೇ ಬೆಳೆಯುವ ಕೂದಲು ಹೆಗಲು ದಾಟಿ ಸ್ವಲ್ಪ ಕೆಳಗೆ ಬಂದರೆ ಹೆಚ್ಚು. ಅದು ಸೊಂಟದವರೆಗೆ ಬರುವುದು ಹೇಗೆ? ಕೊಬ್ಬರಿ ಎಣ್ಣೆ ಹಚ್ಚಿದರೂ ಬರುವುದಿಲ್ಲ, ಔಡಲೆಣ್ಣೆ ಹಚ್ಚಿದರೂ ಬರುವುದಿಲ್ಲ. ಎಣ್ಣೆಯು ಇರುವ ಕೂದಲನ್ನು ತುಂಡಾಗದಂತೆ ಕಾಯುತ್ತದೆ, ಅಷ್ಟೇ. ಆದರೂ ನಮ್ಮ ಮನೆಗಳಲ್ಲಿ ಕೂದಲು ಗಿಡ್ಡ ಇರುವ ಹುಡುಗಿಯನ್ನು ಸೋಮಾರಿ ಎಂಬಂತೆ ಮಾತನಾಡಿಸುತ್ತಾರೆ. "ವಾರಕ್ಕೊಮ್ಮೆ ಸೀಗೆಕಾಯಿ ಹಾಕಿ ಎರೆದುಕೊಂಡಿದ್ದರೆ ಹೀಗಾಗುತ್ತಿತ್ತೇ?" ಎನ್ನುತ್ತಾರೆ. ಮಾಡದ ತಪ್ಪಿಗೆ ಅವಳು ಬೈಸಿಕೊಳ್ಳುತ್ತಾಳೆ.

ಹೆರಿಗೆಯಾದ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಕೂದಲು ಉದುರುವುದು ಬಾಣಂತಿಯರೆಲ್ಲರಿಗೂ ಗೊತ್ತು. ಬಸಿರಿನಲ್ಲಿ ಉದುರದೆ ಉಳಿದ ಕೂದಲು ಒಮ್ಮೆಲೇ ಉದುರುತ್ತದೆ. ಸಾಮಾನ್ಯವಾಗಿ ವರ್ಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಟೈಫಾಯ್ಡ್, ಡೆಂಗಿ ಬಂದು ಹೋದ ಮೇಲೂ ಹೀಗೆಯೇ. ರಕ್ತಹೀನತೆಯಿಂದ, ಥೈರಾಯ್ಡ್ ತೊಂದರೆಯಿಂದ ಉದುರಿದರೆ ಮಾತ್ರ ಅದಕ್ಕೆ ಮದ್ದು ಬೇಕು. ಆ ಹೊತ್ತಿನಲ್ಲಿ ತಮ್ಮನ ಮದುವೆ ಬಂದಿದೆ, ತಲೆಯಲ್ಲಿ ಕೂದಲಿಲ್ಲ ಎಂದು ಒಬ್ಬಾಕೆ ನಾಲ್ಕು ಎಳೆ ಕೂದಲು ಸೇರಿಸಿಕೊಂಡರೆ ಅದರಲ್ಲಿ ನಾಚುವುದೇನಿದೆ?

ಹಾಗಿದ್ದರೂ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಮೈಗೆ ಬರುತ್ತದೆ. ಒಂದು ಸಂಗತಿ ಹೇಳುತ್ತೇನೆ. ಶಿಗ್ಗಾವಿಯ ಕಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದ ಹುಡುಗಿ ಕ್ಲಿಪ್ಪಿನ ಕೂದಲು ಕೊಂಡುಕೊಂಡಿದ್ದಳು. ಕ್ಲಿಪ್ಪಿನದು ಬಹಳ ಸುಲಭದ್ದು. ಬೆಳಿಗ್ಗೆ ಹಾಕಿ, ರಾತ್ರಿ ಮಲಗುವ ಮುನ್ನ ತೆಗೆದಿಡಬೇಕು. ಅವಳ ಗಂಡನ ಮನೆಯಲ್ಲಿ ದೊಡ್ಡ ಸಂಸಾರ, ಬಂದ ಬೀಗರು ಇನ್ನೂ ಹೋಗಿರಲಿಲ್ಲ. ನೆಗೆಣ್ಣಿಯರು, ನಾದಿನಿಯರು ಸದಾ ಸುತ್ತಲೂ ಇರುತ್ತಿದ್ದರು. ಬಾಗಿಲು ಹಾಕಿಕೊಂಡು ಅದನ್ನು ತೆಗೆಯಲು ಅವಳಿಗೆ ಜಾಗವೇ ಸಿಗಲಿಲ್ಲ. ಅದರ ಮೇಲೆಯೇ ಮಲಗಿದಳು, ಎರೆದುಕೊಳ್ಳುವುದನ್ನೂ ಮುಂದೂಡಿದಳು. ತವರಿಗೆ ಬಂದಾಗ ನನ್ನ ಬಳಿ ಬಂದಳು. ಕ್ಲಿಪ್ಪು ಕಚ್ಚಿದ ಕಡೆಯಲ್ಲೆಲ್ಲ ಚರ್ಮ ಹುಣ್ಣಾಗಿತ್ತು, ಕಿವಿಯ ಮೇಲಿನ ಎಳೆಗೂದಲು ಬುಡಸಹಿತ ಕಿತ್ತುಬಂದಿತ್ತು. ಅತ್ತೆಗೆ ಹೇಳಬಹುದಿತ್ತಲ್ಲ ಎಂದರೆ, "ಮೋಸ ಮಾಡಿದೆ ಎಂದುಕೊಳ್ಳುತ್ತಾರೆ ಅಕ್ಕಾ" ಎಂದಳು. ಹೆಣ್ಣು ನೋಡಲು ಬಂದ ಹಿರಿಯರು ಹೆರಳನ್ನು ಮುಟ್ಟಿ, ಎಳೆದು ನೋಡುತ್ತಿದ್ದ ಕಾಲ ಮುಗಿಯಿತು ಎಂದುಕೊಂಡಿದ್ದೇವೆ. ಆ ಹೆದರಿಕೆ ಮಾತ್ರ ಹುಡುಗಿಯರ ಮನಸ್ಸಿನಿಂದ ಹೋಗಿಲ್ಲ.

ಕೂದಲು ಸೇರಿಸುವುದರಲ್ಲಿ ಬಗೆಬಗೆಯಿವೆ. ಟೇಪಿನಿಂದ ಅಂಟಿಸುವುದು ಆರರಿಂದ ಎಂಟು ವಾರ ಇರುತ್ತದೆ. ಅಷ್ಟರಲ್ಲಿ ಸ್ವಂತ ಕೂದಲು ಬೆಳೆದು ಟೇಪು ಕೆಳಗಿಳಿಯುವುದರಿಂದ ಬಿಚ್ಚಿ ಮತ್ತೆ ಕೂರಿಸಬೇಕು. ಕೆರಟಿನ್ ಅಂಟನ್ನು ಬಿಸಿ ಮಾಡಿ ಎಳೆಎಳೆಯಾಗಿ ಕೂಡಿಸುವುದು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಬಿಗಿಯಾಗಿ ಸಣ್ಣ ಹೆರಳು ಹೆಣೆದು ಅದಕ್ಕೆ ಹೊಲಿಯುವುದೂ ಉಂಟು. ಯಾವುದೇ ಆಗಲಿ, ಭಾರ ಬೀಳುವುದು ನಮ್ಮ ಕೂದಲಿನ ಬುಡದ ಮೇಲೆ. ಬಹುಕಾಲ ಎಳೆತ ಬಿದ್ದರೆ ಹಣೆಯ ಅಂಚಿನಲ್ಲಿ, ಕೆನ್ನೆಯ ಪಕ್ಕದಲ್ಲಿ ಕೂದಲು ತೆಳ್ಳಗಾಗುತ್ತದೆ. ಬೇಗ ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಬುಡವೇ ಸತ್ತು ಬಾರದೆ ಹೋಗಬಹುದು. ಹಾಕಿದ ದಿನ ತಲೆ ನೋಯುತ್ತಿದ್ದರೆ, ಹಣೆ ಎಳೆದಂತಾಗುತ್ತಿದ್ದರೆ, ಅದು ಹೊಂದಿಕೊಳ್ಳುತ್ತದೆ ಎಂದು ಸುಮ್ಮನಿರಬೇಡಿ. ಅದೇ ದಿನ ಬಂದು ಸಡಿಲಿಸಲು ಹೇಳಿ. ಗುಟ್ಟಾಗಿ ಹಾಕಿಸಿಕೊಂಡವರು ಹೀಗೆ ಬರುವುದಿಲ್ಲ, ಚರ್ಮದ ವೈದ್ಯರ ಮುಂದೆಯೂ ಹೇಳುವುದಿಲ್ಲ. ವೈದ್ಯರು ಬೇರೆ ಯಾವುದೋ ಕಾರಣ ಹುಡುಕುತ್ತಾ ಕೂರುತ್ತಾರೆ.

ಬಣ್ಣದ ವಿಷಯದಲ್ಲಿಯೂ ಇದೇ ಕಥೆ. ಕಪ್ಪು ಮೆಹಂದಿ ಎಂದು ಪೊಟ್ಟಣದಲ್ಲಿ ಸಿಗುತ್ತದೆ. ಮೆಹಂದಿ ಅಲ್ಲವೇ, ಸೊಪ್ಪು, ಏನೂ ಆಗುವುದಿಲ್ಲ ಎಂದು ಹಚ್ಚಿಕೊಳ್ಳುತ್ತಾರೆ. ಮೆಹಂದಿ ಸೊಪ್ಪೊಂದೇ ಆದರೆ ಕೂದಲು ಕೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಕಪ್ಪು ಮೆಹಂದಿಯೆಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಅದು ಕೆಲವರ ಮೈಗೆ ಆಗುವುದಿಲ್ಲ. ಮುಖ ಬಾತು, ಕಣ್ಣು ಮುಚ್ಚಿಹೋಗುತ್ತದೆ. ಹಿಂದೆ ಹತ್ತು ಸಲ ಆಗದಿದ್ದದ್ದು ಹನ್ನೊಂದನೆಯ ಸಲ ಆಗಬಹುದು. ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಚೂರು ಹಚ್ಚಿ 48 ಗಂಟೆ ಕಾದು ನೋಡಬೇಕು. ಮದುವೆಯ ಹಿಂದಿನ ರಾತ್ರಿ ಬಚ್ಚಲಿನ ಬಾಗಿಲು ಹಾಕಿಕೊಂಡು, ಯಾರಿಗೂ ಕಾಣದಂತೆ ಹಚ್ಚಿಕೊಳ್ಳುವವರು ಎರಡು ದಿನ ಕಾಯುವುದೆಲ್ಲಿ ಬಂತು?

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಬೆಳ್ಳಗಾಗುವ ಕ್ರೀಮು. ಹೆಸರಿಲ್ಲದ ಡಬ್ಬಿಗಳಲ್ಲಿ ಪಾದರಸ ಬೆರೆಸಿದ್ದು ಬರುತ್ತದೆ. ಪಾದರಸ ಚರ್ಮದೊಳಗಿಳಿದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಇಂಥ ಕ್ರೀಮುಗಳಿಗೆ ಪಾದರಸ ಬೆರೆಸುವಂತಿಲ್ಲ ಎಂದು ಸೌಂದರ್ಯ ಸಾಧನಗಳ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2020ರ ನಿಯಮಗಳು ಹೇಳುತ್ತವೆ. ಇನ್ನೊಂದು ಬಗೆಯಲ್ಲಿ ಸ್ಟೀರಾಯ್ಡ್ ಇರುತ್ತದೆ. ವಾರದಲ್ಲಿ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ ಕೆಂಪೇರಿ ಬಿಸಿಲು ತಾಗಿದರೆ ಉರಿಯುತ್ತದೆ, ಬಿಟ್ಟರೆ ಮೊಡವೆ ಉಕ್ಕಿಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದೆ. ಆದರೆ ನಮ್ಮ ಹುಡುಗಿಯರು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೆಸರು ಹೇಳಿಕೊಂಡು ತರಿಸುತ್ತಾರೆ. ನಾನು ಹಚ್ಚುತ್ತಿದ್ದೇನೆ ಎಂದು ಬಹಿರಂಗವಾಗಿ ಒಬ್ಬಳು ಹೇಳಿದ್ದರೆ, ನಾನು ಹಚ್ಚಿ ಹೀಗಾಯಿತು ಎಂದು ಇನ್ನೊಬ್ಬಳು ಎಚ್ಚರಿಸುತ್ತಿದ್ದಳು. ಕೂದಲು ಸೇರಿಸಿಕೊಳ್ಳುವುದನ್ನು ನಾನು ಎತ್ತಿಹಿಡಿಯುತ್ತೇನೆ. ಬಣ್ಣವನ್ನೂ ಒಪ್ಪುತ್ತೇನೆ. ಮೈಬಣ್ಣ ತಿದ್ದುವ ಕ್ರೀಮನ್ನು ಮಾತ್ರ ನಮ್ಮ ಪಾರ್ಲರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕಪ್ಪು ಮೈಬಣ್ಣಕ್ಕೆ ಮದ್ದು ಬೇಕಿಲ್ಲ.

ಗದ್ದದ ಮೇಲೆ ಕೂದಲು ಬರುವ ಹುಡುಗಿಯರಿಗೂ ಒಂದು ಮಾತು. ಥ್ರೆಡಿಂಗ್ ಮಾಡಿಸಿಕೊಳ್ಳಿ, ಅದು ನಿಮ್ಮ ಇಷ್ಟ. ಆದರೆ ಅದರೊಂದಿಗೆ ಮುಟ್ಟು ತಿಂಗಳು ತಪ್ಪುತ್ತಿದ್ದರೆ, ತೂಕ ಏರುತ್ತಿದ್ದರೆ, ಅದು ಹಾರ್ಮೋನಿನ ಏರುಪೇರು, ಅಂದರೆ ಪಿಸಿಓಎಸ್ ಇರಬಹುದು. ಅವ್ವನಿಗೆ ಹೇಳಿ. ಅವ್ವಂದಿರು ಕೇಳಿಸಿಕೊಳ್ಳಬೇಕು, ಮದುವೆಯಾದರೆ ಸರಿಹೋಗುತ್ತದೆ ಎಂದು ತಳ್ಳಿಹಾಕಬಾರದು.

ಇನ್ನು ಈ ಕೂದಲು ಎಲ್ಲಿಂದ ಬರುತ್ತದೆ? ಇದನ್ನು ಕೇಳುವವರು ಕಡಿಮೆ. ಗದಗ ದಾಟಿ ರೈಲಿನಲ್ಲಿ ಮುಂದೆ ಹೋದರೆ ಕೊಪ್ಪಳ, ಕೊಪ್ಪಳಕ್ಕೆ ಹತ್ತಿಕೊಂಡಂತೆ ಭಾಗ್ಯನಗರ. ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು ಅದು. ಹಳ್ಳಿಹಳ್ಳಿ ತಿರುಗಿ ಪಾತ್ರೆ, ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಬಾಚಣಿಕೆಗೆ ಸಿಕ್ಕಿದ ಕೂದಲನ್ನು ಕೊಳ್ಳುವವರು ನಮ್ಮ ಬೀದಿಗೂ ಬರುತ್ತಾರಲ್ಲ, ಅಂಥ ಕೂದಲು ಅಲ್ಲಿ ಮೂಟೆಮೂಟೆಯಾಗಿ ಸೇರುತ್ತದೆ. ಹೆಂಗಸರು ಕುಳಿತು ಕೈಯಿಂದ ಸಿಕ್ಕು ಬಿಡಿಸುತ್ತಾರೆ. ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳುಹಿಸುತ್ತಾರೆ. ತಿರುಪತಿಯಲ್ಲಿ ಭಕ್ತರು ಒಪ್ಪಿಸಿದ ಮುಡಿಯನ್ನು ದೇವಸ್ಥಾನದವರು ಹರಾಜಿನಲ್ಲಿ ಮಾರುತ್ತಾರೆ. ಅದು ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿ ಇರುವುದರಿಂದ ಸಿಕ್ಕಾಗುವುದಿಲ್ಲ, ಬೆಲೆ ಹೆಚ್ಚು. ನೀವು ಹಾಕಿಕೊಳ್ಳುವ ಎಳೆಗಳ ಹಿಂದೆ ಧೂಳಿನಲ್ಲಿ ಕುಳಿತು ಸಿಕ್ಕು ಬಿಡಿಸಿದ ಒಬ್ಬ ಹೆಂಗಸಿನ ದುಡಿಮೆ ಇದೆ. ಕೊಳ್ಳುವವರೇ ಹಾಕಿಕೊಂಡಿಲ್ಲವೆಂದು ನಟಿಸಿದರೆ, ಅವಳಿಗೆ ಸಿಗುವ ಕೂಲಿಯ ಬಗ್ಗೆ ಯಾರು ಮಾತನಾಡುತ್ತಾರೆ?

ಹೆಣ್ಣಿನ ತಲೆಗೂದಲಿನ ಬಗ್ಗೆ ತೀರ್ಮಾನ ಕೊಡುವವರು ನಮ್ಮ ಸೀಮೆಯಲ್ಲಿ ಯಾವಾಗಲೂ ಬೇರೆಯವರೇ ಆಗಿದ್ದರು. ಗಂಡ ಸತ್ತರೆ ಕೆಲವು ಮನೆಗಳಲ್ಲಿ ಎಳೆಯ ಹುಡುಗಿಯರ ತಲೆ ಬೋಳಿಸಿ ಮಡಿ ಸೀರೆ ಉಡಿಸುತ್ತಿದ್ದರು. ಕೂದಲು ಗಂಟುಕಟ್ಟಿ ಜಡೆಯಾದರೆ ಸವದತ್ತಿಯ ಎಲ್ಲಮ್ಮ ಕರೆದಳೆಂದು ಹೇಳಿ ಬಡವರ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಮಾಡಿದರು. 1982ರ ಕಾನೂನು ಅದನ್ನು ನಿಷೇಧಿಸಿತು. ಇನ್ನೊಂದು ಕಡೆ, ನಾಟಕ ಕಂಪನಿಗಳಲ್ಲಿ ಗಂಡಸರು ಟೋಪನ್, ಅಂದರೆ ಕಟ್ಟುಗೂದಲು ಇಟ್ಟು, ಹೂ ಮುಡಿದು ಸ್ತ್ರೀಪಾತ್ರಕ್ಕೆ ಬಂದಾಗ ಜನ ತಲೆದೂಗಿದರು. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆ ಉಟ್ಟ ರೀತಿಯನ್ನು, ಹೂ ಮುಡಿದ ರೀತಿಯನ್ನು ಮರ್ಯಾದಸ್ಥ ಮನೆತನಗಳ ಹೆಂಗಸರೇ ಅನುಸರಿಸಿದರು. ಗಂಡಸು ಹಾಕಿಕೊಂಡ ಕೂದಲು ಕಲೆಯೆನಿಸಿತು. ಅದನ್ನೇ ಹೆಂಗಸು ತನ್ನ ಮನೆಯ ಮದುವೆಗೆ ಹಾಕಿಕೊಂಡರೆ ಮೋಸ ಎನ್ನುವುದು ಯಾವ ನ್ಯಾಯ?

ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹಾವೇರಿ, ಗದಗ ಕಡೆಯಿಂದಲೂ ಹೆಂಗಸರು ಬರುತ್ತಾರೆ. ಕಿಮೊಥೆರಪಿಯ ಹಲವು ಔಷಧಗಳಿಂದ ಎರಡು ಮೂರು ವಾರಗಳಲ್ಲಿ ಕೂದಲು ಉದುರಲು ತೊಡಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅಂಥ ತಾಯಂದಿರು ವಿಗ್ ಕೇಳಲು ಬಂದಾಗ ಕೂಡ ಗುಟ್ಟು ಎನ್ನುತ್ತಾರೆ. ಕಾಯಿಲೆಯ ದಣಿವಿನ ಮೇಲೆ ಜನರ ಕಣ್ಣಿಗೆ ಅಂಜುವ ದಣಿವೂ ಸೇರುತ್ತದೆ. ಸೆರಗು ಹೊದ್ದು ಬರಲಿ, ವಿಗ್ ಇಟ್ಟು ಬರಲಿ, ಬೋಳುತಲೆಯಲ್ಲಿಯೇ ಬರಲಿ, ಅವರನ್ನು ಏನಾಯಿತು ಎಂದು ದಿಟ್ಟಿಸಬೇಡಿ.

ಬಹಿರಂಗವಾಗಿ ಹೇಳಬೇಕು ಎಂದರೆ ಓಣಿಗೆಲ್ಲ ಸಾರಬೇಕು ಎಂದು ನನ್ನ ಅರ್ಥವಲ್ಲ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದು ಹಾಕಿಕೊಂಡವಳ ಇಷ್ಟ. ಬಸ್ಸಿನಲ್ಲಿ ಪಕ್ಕ ಕುಳಿತವರು "ಇದು ನಿಮ್ಮದೇ ಕೂದಲೇ?" ಎಂದು ಕೇಳುವುದು ಸೌಜನ್ಯವಲ್ಲ, ಉತ್ತರಿಸುವ ಹಂಗೂ ನಿಮಗಿಲ್ಲ. ನರೆಗೂದಲನ್ನು ಹಾಗೆಯೇ ಬಿಟ್ಟು ತಿರುಗುವವರು ಕೂಡ ಬಣ್ಣ ಹಚ್ಚಿಕೊಳ್ಳಿ ಎಂಬ ಉಪದೇಶವನ್ನು ಕೇಳಬೇಕಾಗಿಲ್ಲ. ಆದರೆ ಮೂವರಿಗೆ ಹೇಳಿ: ಪಾರ್ಲರಿನವಳಿಗೆ ನಿಮ್ಮ ಕಾಯಿಲೆ, ಅಲರ್ಜಿ ಏನಿದೆ ಎಂದು, ವೈದ್ಯರಿಗೆ ತಲೆಗೆ, ಮುಖಕ್ಕೆ ಏನು ಹಾಕಿದ್ದೀರಿ ಎಂದು, ಮನೆಯಲ್ಲಿ ನೀವು ನಂಬುವ ಒಬ್ಬರಿಗೆ.

ಆ ಒಬ್ಬರು ಅತ್ತೆಯೇ ಆಗುವುದಾದರೆ ಎಷ್ಟು ಚೆಂದ! ಸೊಸೆ ತಂದ ಸೂಟ್‌ಕೇಸಿನಲ್ಲಿ ಕ್ಲಿಪ್ಪಿನ ಕೂದಲು ಕಂಡರೆ, ಅತ್ತೆಯರೇ, ಅದನ್ನು ಹಿಡಿದು ಬೀಗರ ಮುಂದೆ ಪಂಚಾಯಿತಿ ಕೂರಿಸಬೇಡಿ. ನೀವು ನಿಮ್ಮ ಮದುವೆಯಲ್ಲಿ ಹಾಕಿಕೊಂಡ ಚೌರಿಯ ವಿಷಯ ಹೇಳಿ. ರಾತ್ರಿ ಅದನ್ನು ತೆಗೆದಿಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗವ್ವ ಎನ್ನಿ. ಕೋಣೆಯ ಬಾಗಿಲನ್ನು ಅವಳೇ ಹಾಕಿಕೊಳ್ಳಲು ಬಿಡಿ.

ನಮಸ್ಕಾರ.