ಹಾರ್ನ್ ಇಲ್ಲದ ಸ್ಟಿಯರಿಂಗ್

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನನ್ನ ಹಳೇ ಮಾರುತಿಗೆ ಸ್ಟಿಯರಿಂಗ್ ಕವರ್ ಹಾಕಿಸೋಣ ಅಂತ ಜೆ.ಸಿ. ರಸ್ತೆಗೆ ಹೋಗಿದ್ದೆ. ಅಂಗಡಿಯವರು ಆರುನೂರು ಅಂದರು, ನಾನು ನಾನೂರು ಅಂದೆ. ಚೌಕಾಸಿ ನಡೀತಿರುವಾಗಲೇ ಜೊತೆಗಿದ್ದ ನನ್ನ ತಂಗಿ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಅವರ ಮುಂದೆ ಹಿಡಿದ. ಫಾರ್ಮುಲಾ ಒನ್ ರೇಸ್ ಕಾರಿನ ಸ್ಟಿಯರಿಂಗ್. "ಇದಕ್ಕೆಷ್ಟು ಹೇಳಿ ನೋಡೋಣ?" ಅಂಗಡಿಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಷ್ಟೊಂದು ಬಟನ್ ಇದಾವಲ್ಲ ಸಾರ್, ಇದ್ರಲ್ಲಿ ಹಾರ್ನ್ ಯಾವ್ದು?"

ಹಾರ್ನ್ ಇಲ್ಲ. ಬಟನ್ನು, ನಾಬು, ಹಿಂದುಗಡೆಯ ಪ್ಯಾಡಲ್ಲು ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚಿವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಮಗೆ ಬೇಕೇಬೇಕಾದ ಆ ಒಂದು ಮಾತ್ರ ಅದರಲ್ಲಿಲ್ಲ.

ಬೆಲೆ ಎಷ್ಟೆಂದು ತಂಡಗಳು ಬಾಯಿಬಿಡುವುದಿಲ್ಲ. ಸಾಮಾನ್ಯವಾಗಿ ಕೇಳಿಬರುವ ಅಂದಾಜು 50 ಸಾವಿರದಿಂದ 1 ಲಕ್ಷ ಡಾಲರ್. ಕಡಿಮೆಯದನ್ನೇ ಹಿಡಿದರೂ ನಮ್ಮ ದುಡ್ಡಿನಲ್ಲಿ 40 ಲಕ್ಷ ದಾಟುತ್ತದೆ. ಒಂದಿದ್ದರೆ ಸಾಲದು, ಒಬ್ಬೊಬ್ಬ ಚಾಲಕನಿಗೂ ಹಲವು ಬೇಕು. ಹಾಗಂತ ಅದು ಚಿನ್ನದ್ದೇನೂ ಅಲ್ಲ, ಕಾರ್ಬನ್ ಫೈಬರಿನದು. ದುಂಡಗೂ ಇರುವುದಿಲ್ಲ. ಮೇಲೆ ಕೆಳಗೆ ಕತ್ತರಿಸಿದ ಹಾಗೆ, ವಿಮಾನದ ಪೈಲಟ್ ಹಿಡಿಯುವುದರ ಹಾಗೆ ಇರುತ್ತದೆ. ಆ ಕಾರನ್ನು ಪೂರ್ತಿ ಸುತ್ತು ತಿರುಗಿಸುವ ಪ್ರಮೇಯವೇ ಬರುವುದಿಲ್ಲ, ಹಿಡಿದ ಕೈ ಹಿಡಿದಲ್ಲೇ ಇರುತ್ತದೆ. ಹಾಗಿದ್ದ ಮೇಲೆ ದುಂಡಗೆ ಯಾಕಿರಬೇಕು?

ಗೇರು ಸ್ಟಿಯರಿಂಗಿನ ಹತ್ತಿರ ಇರುವುದು ನಮಗೇನೂ ಹೊಸದಲ್ಲ. ಹಳೇ ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ ನೆನಪಿರುತ್ತದೆ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕೋಲು ಇರುತ್ತಿತ್ತು. ರೇಸಿನ ಕಥೆ ಬೇರೆ. 1989ರಲ್ಲಿ ಫೆರಾರಿಗಾಗಿ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಕಾರಿನಲ್ಲಿ ಸ್ಟಿಯರಿಂಗಿನ ಹಿಂದೆ ಎರಡು ಪ್ಯಾಡಲ್ ಬಂದವು. ಒಂದನ್ನು ಬೆರಳಲ್ಲಿ ಎಳೆದರೆ ಗೇರು ಮೇಲಕ್ಕೆ, ಇನ್ನೊಂದನ್ನು ಎಳೆದರೆ ಕೆಳಕ್ಕೆ. ಪರೀಕ್ಷೆಯ ಓಟಗಳಲ್ಲಿ ಆ ಗೇರ್‌ಬಾಕ್ಸ್ ಪದೇಪದೇ ಕೈಕೊಟ್ಟಿತ್ತು. ಆದರೆ ಬ್ರೆಜಿಲಿನಲ್ಲಿ ನಡೆದ ಮೊದಲ ರೇಸಿನಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದರು. ತಮಾಷೆ ಏನೆಂದರೆ, ರೇಸಿನ ಮಧ್ಯೆ ಸ್ಟಿಯರಿಂಗ್ ಸಡಿಲವಾಗಿ, ಪಿಟ್‌ಗೆ, ಅಂದರೆ ತಂಡದವರು ಕಾರು ಸರಿಮಾಡುವ ಜಾಗಕ್ಕೆ ಬಂದು, ಬೇರೆಯದನ್ನು ಹಾಕಿಸಿಕೊಂಡು ಹೋಗಿಯೂ ಗೆದ್ದರು! ಗೇರಿಗಾಗಿ ಕೈ ಬಿಡುವುದು ತಪ್ಪಿದ ಮೇಲೆ, ಉಳಿದದ್ದೆಲ್ಲ ಒಂದೊಂದಾಗಿ ಸ್ಟಿಯರಿಂಗಿಗೇ ಹತ್ತಿಕೊಂಡಿತು.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಒಂದಿದೆ. ಪಿಟ್‌ನಲ್ಲಿ ಎಂಜಿನಿಯರುಗಳ ದಂಡೇ ಕೂತಿರುತ್ತದೆ. ಎಂಜಿನ್ ಎಷ್ಟು ಬಿಸಿಯಾಗಿದೆ, ಬ್ರೇಕ್ ಎಷ್ಟು ಕಾದಿದೆ, ಎಲ್ಲ ಅವರ ಪರದೆ ಮೇಲೆ ಬರುತ್ತದೆ. ಹಾಗಿರುವಾಗ ಅಲ್ಲಿಂದಲೇ ಅವರು ಸರಿಮಾಡಬಾರದೇ? ಗಂಟೆಗೆ 300 ಕಿಲೋಮೀಟರಿನಲ್ಲಿ ಹೋಗುವವನ ಕೈಗೇಕೆ ಅಷ್ಟು ಬಟನ್ ಕೊಡಬೇಕು?

ಕಾರಣ ಎಂಜಿನಿಯರಿಂಗ್ ಅಲ್ಲ, ನಿಯಮ. 2002ರಲ್ಲಿ ಪಿಟ್‌ನಿಂದಲೇ ಕಾರಿನ ಸೆಟ್ಟಿಂಗ್ ಬದಲಿಸಲು ಅವಕಾಶವಿತ್ತು. 2003ರಿಂದ ಅದು ನಿಷೇಧ. ಅಂದಿನಿಂದ ಕಾರು ಪಿಟ್‌ಗೆ ಎಲ್ಲವನ್ನೂ ಹೇಳಬಹುದು, ಪಿಟ್ ಕಾರಿಗೆ ಏನನ್ನೂ ಮಾಡುವ ಹಾಗಿಲ್ಲ. ಕಾರನ್ನು ಚಾಲಕ ಒಬ್ಬನೇ ಓಡಿಸಬೇಕು. ಹಾಗಾಗಿ ಮುಂದಿನ ಚಕ್ರಕ್ಕೆಷ್ಟು ಬ್ರೇಕು ಹಿಂದಿನದಕ್ಕೆಷ್ಟು, ತಿರುವಿಗೆ ಇಳಿಯುವಾಗ ಹಿಂದಿನ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಹೇಗಿರಬೇಕು, ಬ್ಯಾಟರಿಯ ಶಕ್ತಿ ಎಲ್ಲಿ ಖರ್ಚಾಗಬೇಕು, ಇವೆಲ್ಲ ಅವನ ಹೆಬ್ಬೆರಳಿಗೆ ಬಂದವು. ಪಿಟ್ ದಾರಿಯಲ್ಲಿ ವೇಗಕ್ಕೆ ಮೂಗುದಾರ ಹಾಕುವ ಬಟನ್, ರೇಡಿಯೋ ಬಟನ್, ನೀರು ಕುಡಿಯಲಿಕ್ಕೂ ಒಂದು ಬಟನ್. ರೇಸ್ ಹೊರಡುವಾಗ ಕ್ಲಚ್ ಬಿಡುವುದೂ ಕೈಯಲ್ಲೇ.

ಅಜರ್‌ಬೈಜಾನಿನ ಬಾಕು ಪಟ್ಟಣ ಈ ಸ್ಟಿಯರಿಂಗಿಗೆ ಅದೇಕೋ ಆಗಿಬಂದಿಲ್ಲ. 2016ರಲ್ಲಿ ರೇಡಿಯೋದಲ್ಲಿ ಚಾಲಕನಿಗೆ ಸಲಹೆ ಕೊಡುವುದಕ್ಕೂ ಕಡಿವಾಣವಿತ್ತು. ಆ ವರ್ಷ ಬಾಕುವಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವರ ಎಂಜಿನ್ ತಪ್ಪು ಸೆಟ್ಟಿಂಗಿನಲ್ಲಿ ಸಿಕ್ಕಿಕೊಂಡಿತು. ಯಾವ ನಾಬ್ ತಿರುಗಿಸಬೇಕೆಂದು ಪಿಟ್‌ನವರಿಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಹ್ಯಾಮಿಲ್ಟನ್ ಓಡಿಸುತ್ತಲೇ ಪರದೆ ನೋಡಿಕೊಂಡು ಒಂದೊಂದೇ ತಡಕಾಡಬೇಕಾಯಿತು. ಕೊನೆಗೆ ಸಿಕ್ಕಿದ್ದು ಐದನೇ ಸ್ಥಾನ. ಅದೇ ವರ್ಷ ಆ ನಿಯಮ ಸಡಿಲವಾಯಿತು.

2021ರಲ್ಲಿ ಮತ್ತೆ ಬಾಕು, ಮತ್ತೆ ಹ್ಯಾಮಿಲ್ಟನ್. ನಿಂತಿದ್ದ ರೇಸ್ ಕೊನೆಯ ಎರಡು ಸುತ್ತಿಗಾಗಿ ಮತ್ತೆ ಶುರುವಾಯಿತು. ಗೆಲ್ಲುವ ಅವಕಾಶ ಕಣ್ಣೆದುರಿಗೇ ಇತ್ತು. ಹೊರಟ ಗಡಿಬಿಡಿಯಲ್ಲಿ ಕೈ ಒಂದು ಬಟನ್ನಿಗೆ ತಾಗಿತು. ತಂಡದವರು ಅದಕ್ಕಿಟ್ಟ ಹೆಸರು 'ಬ್ರೇಕ್ ಮ್ಯಾಜಿಕ್', ಬ್ರೇಕಿನ ಬಲವನ್ನು ಮುಂದಿನ ಚಕ್ರಗಳಿಗೆ ತಳ್ಳಿ ಅವನ್ನು ಬಿಸಿ ಮಾಡುವ ವ್ಯವಸ್ಥೆ. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಕಚ್ಚಿಕೊಂಡು, ಕಾರು ತಿರುಗದೆ ನೆಟ್ಟಗೆ ಹೋಯಿತು. ಮುಗಿಸಿದ್ದು ಹದಿನೈದನೆಯವರಾಗಿ. ಆಮೇಲೆ ಆ ಬಟನ್ನಿಗೆ ತಂಡದವರು ಒಂದು ಮರೆ ಕಟ್ಟಿದರು.

ಈಗ ಬೆಲೆಗೆ ಬನ್ನಿ. ಕೈಗವಸು ಹಾಕಿದ ಬೆರಳಿಗೆ 'ಕ್ಲಿಕ್' ಆದದ್ದು ತಿಳಿಯಬೇಕು, ನಡುಕದಲ್ಲಿ ತಾನಾಗಿ ಒತ್ತಿಕೊಳ್ಳಬಾರದು. ಹಿಡಿಕೆಯನ್ನು ಆಯಾ ಚಾಲಕನ ಅಂಗೈಗೆ ಅಚ್ಚು ಮಾಡಿರುತ್ತಾರೆ. ಒಳಗೆ ಕೂರಬೇಕಾದರೂ ಹೊರಗೆ ಬರಬೇಕಾದರೂ ಸ್ಟಿಯರಿಂಗನ್ನೇ ಕಿತ್ತು ತೆಗೆಯಬೇಕು, ಅಷ್ಟು ಇಕ್ಕಟ್ಟು. ಅಂದರೆ ಎಲ್ಲ ವೈರುಗಳ ಸಂಪರ್ಕವೂ ಒಂದೇ ಜಾಯಿಂಟಿನಲ್ಲಿ ಕ್ಷಣದಲ್ಲಿ ಕಳಚಿ, ಕ್ಷಣದಲ್ಲಿ ಕೂಡಬೇಕು. ಕೂಡದಿದ್ದರೆ ಗೇರೂ ಇಲ್ಲ. ಇಷ್ಟೆಲ್ಲ ಮಾಡಿ ತಯಾರಿಸುವುದು ಬೆರಳೆಣಿಕೆಯಷ್ಟು. ಜೆ.ಸಿ. ರಸ್ತೆಯ ಕವರಿನ ಹಾಗೆ ಲಕ್ಷಗಟ್ಟಲೆ ಮಾಡಿದರೆ ಬೆಲೆ ಇಳಿದೀತು. ಕೊಳ್ಳುವವರು ಯಾರು?

2011ರಲ್ಲಿ ಹ್ಯಾಮಿಲ್ಟನ್ ನಮ್ಮ ನೈಸ್ ರಸ್ತೆಯಲ್ಲೇ ಮೆಕ್ಲಾರೆನ್ ಕಾರು ಓಡಿಸಿ ತೋರಿಸಿದ್ದರು. ನಾನೂ ಆ ಜಂಗುಳಿಯಲ್ಲಿದ್ದೆ. ಕಂಡದ್ದು ಒಂದು ಹೆಲ್ಮೆಟ್ಟು, ಉಳಿದದ್ದು ಎರಡು ದಿನ ಕಿವಿಯಲ್ಲಿದ್ದ ಸದ್ದು. ಸ್ಟಿಯರಿಂಗ್ ಹೇಗಿದೆ ಎಂದು ಆಗ ಯಾರಿಗೆ ಗಮನ?

ಬಾಕುವಿನ ಇನ್ನೊಂದು ಉಳಿದಿದೆ. 2017ರಲ್ಲಿ ಅಲ್ಲಿ ಕೆಂಪು ಬಾವುಟ ಹಾರಿಸಿ ರೇಸ್ ನಿಲ್ಲಿಸಿದ್ದರು. ಮತ್ತೆ ಹೊರಡುವ ಹೊತ್ತಿಗೆ ಫೆರಾರಿಯ ಕಿಮಿ ರೈಕೊನೆನ್ ಕಾರಿನೊಳಗೆ ಸಿದ್ಧವಾಗಿದ್ದಾರೆ, ಕೈಗವಸು ಹೊರಗಿದೆ, ಸ್ಟಿಯರಿಂಗೂ ಹೊರಗಿದೆ. ಕೊಡಿ, ಬೇಗ ಕೊಡಿ ಅಂತ ಅವರು ಕೂಗಿದ್ದು ಟಿವಿಯಲ್ಲಿ ಜಗತ್ತಿಗೇ ಕೇಳಿಸಿತು. ಸಾಮಾನ್ಯವಾಗಿ ಮಾತೇ ಆಡದ ಮನುಷ್ಯ ಅವರು.

ಅಂದಹಾಗೆ ನನ್ನ ಕವರು ನಾನೂರೈವತ್ತಕ್ಕೆ ಇತ್ಯರ್ಥವಾಯಿತು. ಹಾರ್ನ್ ಸ್ವಲ್ಪ ಕೀರಲಾಗಿತ್ತು, ಅದನ್ನೂ ಅವರೇ ಪುಕ್ಕಟೆ ಸರಿಮಾಡಿ ಕೊಟ್ಟರು.

ನಮಸ್ಕಾರ.